ನಡೆಯುವ ಬೇಲಿ

ಬೇಲಿಯನ್ನು ಯಾವಾಗ ಸವರಬೇಕು ಎಂದು ನಮ್ಮ ಕಡೆ ಯಾರನ್ನಾದರೂ ಕೇಳಿ ನೋಡಿ. ಉತ್ತರ ಕೊಡುವ ಮೊದಲು ಅವರು ನಿಮ್ಮ ಹೊಲ ಎಲ್ಲಿ ಬರುತ್ತದೆ, ಮಗ್ಗುಲಿನ ಹೊಲ ಯಾರದು ಎಂದು ವಿಚಾರಿಸುತ್ತಾರೆ. ಅಲ್ಲಿಂದಲೇ ಎಚ್ಚರವಾಗಿರಬೇಕು. ಗಿಡಮರಗಳ ಬಗ್ಗೆ ನನಗೆ ಸಿಕ್ಕ ಸಲಹೆಗಳಲ್ಲಿ, ಸಲಹೆ ಕೊಟ್ಟವರ ನೆರಳು ಬೀಳದೇ ಇದ್ದದ್ದು ಒಂದೂ ಇಲ್ಲ. ಕಿತ್ತೂರಿನ ಕಡೆಯ ನಮ್ಮ ಬೀಗರೊಬ್ಬರು ಬದುವಿನ ತುಂಬ ಸಾಗವಾನಿ ಹಚ್ಚಿರಿ ಎಂದು ಪ್ರತಿ ಮದುವೆಯಲ್ಲೂ ಹೇಳುತ್ತಿದ್ದರು. ಅವರ ಹಿತ್ತಲಲ್ಲಿ ಸಾಗವಾನಿ ಸಸಿಗಳು ಗಿರಾಕಿಗಾಗಿ ಕಾಯುತ್ತಿದ್ದವು. ರಾಮದುರ್ಗದ ನಮ್ಮ ಸೋದರಮಾವ ಜಾಲಿಗಿಂತ ಒಳ್ಳೆಯ ಬೇಲಿ ಇಲ್ಲವೇ ಇಲ್ಲ ಎನ್ನುತ್ತಿದ್ದ. ಅವನ ಆಡುಗಳು ಜಾಲಿಕಾಯಿ ತಿಂದೇ ಮೈ ಹಿಡಿದವು. ಬೇಸಿಗೆ ಬಂತೆಂದರೆ ಅವನ್ನು ಹೊಡೆದುಕೊಂಡು ನಮ್ಮ ಕಡೆಗೇ ಬರುತ್ತಿದ್ದ.

ಆದ್ದರಿಂದ ಇಲ್ಲಿ ನಾನು ಬರೆಯುವುದನ್ನೂ ಅಷ್ಟೇ ಅನುಮಾನದಿಂದ ಓದಬೇಕು. ನಾನು ಹೇಳಹೊರಟಿರುವ ಬೇಲಿ ನನ್ನ ಅಕ್ಕನದು.

ನವಿಲುತೀರ್ಥದ ಕಾಲುವೆಯ ಕೆಳಗೆ, ಮುನವಳ್ಳಿಗೆ ಹೋಗುವ ದಾರಿಯ ಮಗ್ಗುಲಲ್ಲಿ ಅಕ್ಕನ ಹೊಲವಿದೆ. ಅಪ್ಪನಿಂದ ಅವಳ ಪಾಲಿಗೆ ಬಂದ ತುಂಡು. ತಾನೇ ನಿಂತು ಬಿತ್ತಿಸುತ್ತಾಳೆ, ತಾನೇ ನಿಂತು ರಾಶಿ ಮಾಡಿಸುತ್ತಾಳೆ. ನಾನು ಬೈಲಹೊಂಗಲದಲ್ಲಿ ಇರುವವಳು. ಹಬ್ಬಕ್ಕೊಮ್ಮೆ, ರಾಶಿಗೊಮ್ಮೆ ಬಸ್ಸು ಹಿಡಿದು ಹೋಗುತ್ತೇನೆ. ಹೊಲದ ಮೂಡಲ ಬದುವಿನುದ್ದಕ್ಕೂ ಆ ಬೇಲಿ. ಕಳ್ಳಿ, ಲಕ್ಕಿ, ಬಾರಿಯ ಮುಳ್ಳುಗಿಡ ಒಂದರೊಳಗೊಂದು ತೂರಿಕೊಂಡು ಬೆಳೆದಿವೆ. ನಡುವೆ ಒಂದು ಹಳೆಯ ಬನ್ನಿಗಿಡ. ಬೇಲಿಯ ಆಚೆ ಇರುವುದು ಅಕ್ಕನಿಗಿಂತ ಸ್ವಲ್ಪ ಹಿರಿಯರಾದ ಒಬ್ಬ ಮುಸಲ್ಮಾನರ ಹೊಲ. ಅವರು ಟೆಂಪೋ ಇಟ್ಟುಕೊಂಡು ಊರವರ ಉಳ್ಳಾಗಡ್ಡಿ, ಕಾಯಿಪಲ್ಯವನ್ನು ಸವದತ್ತಿ ಪೇಟೆಗೆ ಹಾಕುತ್ತಾರೆ. ಉಳಿದ ಹೊತ್ತಿನಲ್ಲಿ ಒಕ್ಕಲುತನ. ಅವರ ಅಪ್ಪನ ಕಾಲದಿಂದಲೂ ಎಳ್ಳ ಅಮಾವಾಸ್ಯೆಯ ದಿನ ಎರಡೂ ಮನೆಯವರು ಆ ಬನ್ನಿಗಿಡದ ಕೆಳಗೇ ಕುಳಿತು ಊಟ ಮಾಡುತ್ತಾರೆ. ಅಕ್ಕ ಅವರಿಗೆ ಅಣ್ಣಾರ ಎನ್ನುತ್ತಾಳೆ, ಅವರು ಅಕ್ಕನಿಗೆ ಅಕ್ಕಾರ ಎನ್ನುತ್ತಾರೆ. ಇಷ್ಟು ಮರ್ಯಾದೆ ಇರುವ ಕಡೆ ಜಗಳ ಕಣ್ಣಿಗೆ ಬೀಳುವುದು ತಡ.

ನಮ್ಮ ಕಡೆ ಬೇಲಿ ಸವರುವ ರೀತಿ ಹೀಗೆ: ರಾಶಿ ಮುಗಿದ ಮೇಲೆ ಅವರವರ ಕಡೆಯ ಟೊಂಗೆಗಳನ್ನು ಅವರವರು ಕಡಿಯುತ್ತಾರೆ. ಎಲ್ಲರೂ ಇದನ್ನೇ ನ್ಯಾಯ ಎನ್ನುತ್ತಾರೆ. ಆದರೆ ಬೇಲಿ ಜೀವವಿರುವಂಥದ್ದು. ಒಬ್ಬರು ಬಿರುಸಾಗಿ ಕಡಿದು ಇನ್ನೊಬ್ಬರು ಅಲಕ್ಷ್ಯ ಮಾಡಿದರೆ ಅದು ಕಡಿಯದವರ ಕಡೆಗೆ ಚಿಗುರುತ್ತದೆ. ಲಕ್ಕಿಯ ಬೇರಿನಿಂದ ಅತ್ತಲೇ ಹೊಸ ಗಿಡ ಏಳುತ್ತದೆ, ಬಿದ್ದ ಕಳ್ಳಿಯ ತುಂಡು ಅಲ್ಲಿಯೇ ಬೇರು ಬಿಡುತ್ತದೆ. ವರ್ಷಗಳು ಕಳೆದರೆ ಇಡೀ ಬೇಲಿ ಜಾಗ ಬದಲಿಸುತ್ತದೆ. ಯಾರೂ ಯಾರ ಹೊಲವನ್ನೂ ಒತ್ತಿರುವುದಿಲ್ಲ, ಆದರೂ ಒಬ್ಬರ ಹೊಲ ಸಣ್ಣದಾಗಿರುತ್ತದೆ. ಅಕ್ಕನ ಕುಡಗೋಲು ಹರಿತ. ಆಚೆಯವರಿಗೆ ಟೆಂಪೋ ಇತ್ತು, ಪುರುಸೊತ್ತು ಇರಲಿಲ್ಲ.

ಮೊದಲು ಮಾತೆತ್ತಿದವರು ಅವರೇ. ಹೊಲದ ಬಾಯಿಯಲ್ಲಿ ಟೆಂಪೋ ನಿಲ್ಲಿಸಿ, ಇಳಿಯದೆಯೇ ಹೇಳಿದರು.

"ಅಕ್ಕಾರ, ನಿಮ್ಮ ಬೇಲಿಗೆ ಕಾಲ ಬಂದಾವ ನೋಡ್ರಿ. ವರ್ಷಾ ಒಂದೊಂದ ಹೆಜ್ಜಿ ನಮ್ಮ ಕಡೆ ಇಡಾಕತ್ತೇತಿ."

"ಅದಕ್ಕ ಕಾಲ ಇದ್ದಿದ್ರ ಎಂದೋ ನಿಮ್ಮ ಟೆಂಪೋ ಹತ್ತಿ ಸವದತ್ತಿಗೆ ಹೋಗತಿತ್ತಲ್ಲರಿ ಅಣ್ಣಾರ," ಎಂದಳು ಅಕ್ಕ.

ಇಬ್ಬರೂ ನಕ್ಕರಂತೆ. ನಾನು ಅಲ್ಲಿ ಇರಲಿಲ್ಲ. ಅಕ್ಕ ಫೋನಿನಲ್ಲಿ ಹೇಳಿದ್ದು ಇಷ್ಟು, ಮತ್ತು ಹೇಳುವಾಗ ಅವಳು ನಗುತ್ತಿರಲಿಲ್ಲ.

ಬನ್ನಿಗಿಡ ಮೊದಲು ಎಲ್ಲಿತ್ತು ಎಂದು ಅವಳು ನನ್ನನ್ನು ಕೇಳಿದಳು. ನನಗೆ ಚೆನ್ನಾಗಿ ನೆನಪಿದೆ ಎಂದುಕೊಂಡೆ. ಸಣ್ಣವಳಿದ್ದಾಗ ಆ ಗಿಡದ ಬೊಡ್ಡೆಗೆ ಒರಗಿ ಕುಳಿತು ಕಡಲೆಗಿಡ ಸುಲಿದು ತಿಂದಿದ್ದೇನೆ. ಬೆನ್ನ ಹಿಂದೆ ಬೇಲಿಯ ಮುಳ್ಳು ಚುಚ್ಚುತ್ತಿತ್ತು. ಅಂದರೆ ಗಿಡ ನಮ್ಮ ಕಡೆ ಇತ್ತು, ಬೇಲಿ ಅದರ ಹಿಂದಿತ್ತು. ಹೇಳಿ ಫೋನ್ ಇಟ್ಟ ಮೇಲೆ ಇನ್ನೊಂದು ನೆನಪು ಬಂತು. ಅದೇ ಬೊಡ್ಡೆ, ಅದೇ ಕಡಲೆ, ಆದರೆ ಎದುರಿಗೆ ಕಾಣುತ್ತಿರುವುದು ಆಚೆಯವರ ಬಾವಿ. ಬಾವಿ ಕಾಣಬೇಕಾದರೆ ನಾನು ಮೂಡಲಿಗೆ ಮುಖ ಮಾಡಿರಬೇಕು, ಬೇಲಿ ನನ್ನ ಹಿಂದೆ ಪಡುವಲಿಗಿರಬೇಕು, ಗಿಡ ಅವರ ಕಡೆ ಇರಬೇಕು. ಎರಡರಲ್ಲೂ ಮುಳ್ಳು ಬೆನ್ನಿಗೇ ಚುಚ್ಚುತ್ತದೆ. ಒಂದು ಸುಳ್ಳಿರಬೇಕು, ಅಥವಾ ಎರಡು ಬೇರೆ ಬೇರೆ ವರ್ಷದವು, ನಡುವೆ ಬೇಲಿ ನಡೆದಿದೆ. ಅಕ್ಕನಿಗೆ ನಾನು ಎರಡನೆಯದನ್ನು ಹೇಳಲಿಲ್ಲ. ನೆನಪು ಸಾಕ್ಷಿ ಹೇಳಲು ಬಂದರೆ ಅದು ಯಾರ ಮನೆಯ ಉಪ್ಪು ತಿಂದಿದೆ ಎಂದು ಮೊದಲು ನೋಡಬೇಕು.

ಜಮೀನಿನ ಗಡಿ ತೋರಿಸಲು ಸರಕಾರದವರು ಹಿಂದೆ ಯಾವಾಗಲೋ ನೆಟ್ಟ ಬಾಂದಗಲ್ಲು ಬೇಲಿಯ ಬುಡದಲ್ಲಿ ಇರಬೇಕಿತ್ತು. ಅಕ್ಕ ಹುಡುಕಿದಳು, ಸಿಗಲಿಲ್ಲ. ಅವರೂ ಹುಡುಕಿದರು, ಸಿಗಲಿಲ್ಲ. ಅವರು ಕಿತ್ತರೆಂದು ಇವಳು, ಇವಳು ಕಿತ್ತಳೆಂದು ಅವರು ನಂಬಿದರು. ಮೋಜಣಿ ಮಾಡಿಸಿದರೆ ಒಂದೇ ದಿನದಲ್ಲಿ ಗೊತ್ತಾಗುತ್ತಿತ್ತು. ಇಬ್ಬರೂ ಅರ್ಜಿ ಹಾಕಲಿಲ್ಲ. ಅಳೆದರೆ ತನ್ನ ಕಡೆಯೇ ಹೆಚ್ಚಿಗೆ ಇದ್ದೀತು, ಬಿಟ್ಟುಕೊಡಬೇಕಾದೀತು ಎಂಬ ಅಂಜಿಕೆ ಇಬ್ಬರಿಗೂ ಇತ್ತೆಂದು ನನ್ನ ಗುಮಾನಿ.

ಅದೇ ಚಳಿಗಾಲ ಕಾಡಹಂದಿಗಳ ಹಾವಳಿ ಜೋರಾಯಿತು. ಗೋವಿನಜೋಳದ ದಂಟುಗಳನ್ನು ಕೆಡವಿ, ತೆನೆ ತಿಂದು, ಹೊರಳಾಡಿ ಹೋಗುತ್ತಿದ್ದವು. ಹಂದಿಗಳು ಹಗಲು ಅಕ್ಕನ ಬೇಲಿಯಲ್ಲಿ ಮಲಗುತ್ತವೆ ಎಂಬ ಮಾತು ಊರಲ್ಲಿ ಹುಟ್ಟಿತು. ಯಾರು ಹುಟ್ಟಿಸಿದರು ಎಂದು ಅಕ್ಕನಿಗೆ ಹೇಳಬೇಕಿರಲಿಲ್ಲ. ಆಚೆಯವರು ಪರಿಹಾರವನ್ನೂ ತಂದರು: ಕಾಲುವೆಯ ಹೂಳು ತೆಗೆಯಲು ಜೆಸಿಬಿ ಬಂದಿದೆ, ಎಳ್ಳ ಅಮಾವಾಸ್ಯೆ ಆದ ಮರುದಿನ ಅದನ್ನು ಇತ್ತ ಕರೆಸೋಣ, ಬೇಲಿಯನ್ನು ಬುಡಸಮೇತ ತೆಗೆಸಿ ಸೋಲಾರ್ ತಂತಿ ಎಳೆಸೋಣ, ಅರ್ಧ ನೀವು, ಅರ್ಧ ನಾನು. ಕೇಳಲು ಚೆನ್ನಾಗಿತ್ತು. ಆದರೆ ಜೆಸಿಬಿ ಒಮ್ಮೆ ಬಾಯಿ ಹಾಕಿದರೆ ಬೇಲಿಯ ಜೊತೆ ಬದುವೂ ಹೋಗುತ್ತದೆ. ಕಲ್ಲು ಮೊದಲೇ ಇಲ್ಲ. ಆಮೇಲೆ ತನ್ನ ಹೊಲ ಎಲ್ಲಿ ಮುಗಿಯುತ್ತದೆ ಎಂದು ತೋರಿಸಲು ಅಕ್ಕನ ಹತ್ತಿರ ಬಾಯಿಮಾತು ಬಿಟ್ಟು ಏನೂ ಉಳಿಯುವುದಿಲ್ಲ. ಬೇಡ ಎಂದರೆ ಹಂದಿ ಸಾಕಿದವಳು ಎಂಬ ಹೆಸರು. ಬಾ ಎಂದು ನನಗೆ ಹೇಳಿಕಳಿಸಿದಳು.

ಹಂದಿ ಎಲ್ಲಿಂದ ಬರುತ್ತದೆ ಎಂದು ತಿಳಿಯಲು ಒಂದು ಸುಲಭದ ದಾರಿಯಿದೆ, ಯಾರು ಬೇಕಾದರೂ ಮಾಡಬಹುದು. ಸಂಜೆ ಬೇಲಿಯ ಸಂದುಗಳ ಎದುರು, ಕಾಲುವೆಯ ಏರಿಯ ಕೆಳಗೆ ಮಣ್ಣನ್ನು ಕೈಯಾಡಿಸಿ ನುಣ್ಣಗೆ ಮಾಡಿಡಬೇಕು, ಬೆಳಿಗ್ಗೆ ಹೆಜ್ಜೆ ನೋಡಬೇಕು. ನಾನು ಹೋದ ಸಂಜೆಯೇ ಅಕ್ಕ ಮತ್ತು ನಾನು ಹಾಗೆ ಮಾಡಿದೆವು. ಬೆಳಿಗ್ಗೆ ಬೇಲಿಯ ಮುಂದಿನ ಮಣ್ಣಿನಲ್ಲಿ ಮುಂಗುಸಿಯ ಕಾಲು, ಕವಜುಗ ಹಕ್ಕಿಯ ಬೆರಳು, ಒಂದು ಹಾವು ಹರಿದ ಗೆರೆ. ಹಂದಿಯ ಗೊರಸು ಬಿದ್ದಿದ್ದು ಕಾಲುವೆಯ ಕಡೆಯಿಂದ; ಅಲ್ಲಿ ಆಪು ಎನ್ನುವ ಜೊಂಡುಹುಲ್ಲು ಆಳೆತ್ತರ ಬೆಳೆದಿತ್ತು. ಅಕ್ಕ ಆಚೆಯವರನ್ನು ಕರೆದು ತೋರಿಸಿದಳು. ಅವರು ಕುಕ್ಕರಗಾಲಲ್ಲಿ ಕುಳಿತು ಬಹಳ ಹೊತ್ತು ನೋಡಿದರು.

"ಬೇಲಿ ಕಡೆ ಹೆಜ್ಜಿ ನೀವ ಅಳಸೀರಿ ಅಂತ ನಾ ಅನ್ನಂಗಿಲ್ಲರಿ," ಎಂದರು. "ಅಂದ್ರ ನೀವು ಸಿಟ್ಟಾಗತೀರಿ."

ಹೀಗೆ, ಹೆಜ್ಜೆಗಳೂ ನಮ್ಮ ಕಡೆಯ ಸಾಕ್ಷಿಗಳಾಗಿ ಹೋದವು.

ತಂತಿಯ ಬಗ್ಗೆ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಇದರಲ್ಲಿ ನನ್ನ ಲಾಭವೇನೂ ಇಲ್ಲ. ಸೋಲಾರ್ ತಂತಿ ಬರೇ ಝಟಕಾ ಕೊಡುತ್ತದೆ. ಆದರೆ ಒಂದು ಸಲ ತಂತಿ ಎಳೆದ ಮೇಲೆ, ಮೋಡ ಕವಿದ ದಿನ ಅದಕ್ಕೆ ಮೋಟರಿನ ಕರೆಂಟು ಕೊಡುವ ಬುದ್ಧಿ ಯಾರಿಗಾದರೂ ಬರುತ್ತದೆ. ಆ ತಂತಿಗೆ ಹಂದಿ ಯಾವುದು, ನೀರು ಹಾಯಿಸಲು ಬಂದ ಮನುಷ್ಯ ಯಾರು ಎಂದು ತಿಳಿಯುವುದಿಲ್ಲ. ಬೇಲಿ ಎಷ್ಟು ಕೆಟ್ಟದ್ದಾದರೂ ಒಂದು ಮುಳ್ಳು ಚುಚ್ಚಿ ಬಿಡುತ್ತದೆ.

ಎಳ್ಳ ಅಮಾವಾಸ್ಯೆಯ ದಿನ ಆಚೆಯವರು ಊಟಕ್ಕೆ ಬರುವುದಿಲ್ಲ ಎಂದು ನಾನು ಎಣಿಸಿದ್ದೆ. ಬಂದರು. ಅವರ ಮನೆಯಾಕೆ ಪ್ರತಿ ವರ್ಷದಂತೆ ಶೇಂಗಾ ಹಿಂಡಿ ತಂದಿದ್ದರು. ಅಕ್ಕ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಕಡಬು ಎಲ್ಲವನ್ನೂ ಬುಟ್ಟಿಯಲ್ಲಿ ಕಟ್ಟಿಕೊಂಡು ಬಂದಿದ್ದಳು. ಪೂಜೆಯಾದ ಮೇಲೆ ಇದರಲ್ಲೇ ಒಂದಿಷ್ಟನ್ನು ಹೊಲದ ಸುತ್ತ ಚೆಲ್ಲುತ್ತ ಹೋಗುತ್ತಾರೆ, ಅದಕ್ಕೆ ಚರಗ ಎನ್ನುತ್ತಾರೆ. ಚರಗಕ್ಕೆ ಹಕ್ಕಿ ಬರುತ್ತವೆ, ಬಂದ ಹಕ್ಕಿ ಕಡಲೆಯ ಕಾಯಿಕೊರಕ ಹುಳುವನ್ನೂ ತಿನ್ನುತ್ತವೆ, ಹಿರಿಯರು ಎಷ್ಟು ಜಾಣರು ಎಂದು ಈಗ ಎಲ್ಲರೂ ಹೇಳುತ್ತಾರೆ. ಇಷ್ಟು ಅಚ್ಚುಕಟ್ಟಾದ ವಿವರಣೆಯನ್ನು ನಾನು ನಂಬುವುದಿಲ್ಲ. ಹಿರಿಯರು ಹೊಲದ ಅಂಚಿನಲ್ಲಿ ಸುತ್ತು ಹಾಕಿದ್ದು ಹೊಲ ಎಲ್ಲಿಯವರೆಗೆ ತಮ್ಮದು ಎಂದು ಮಗ್ಗುಲಿನವರಿಗೆ ತೋರಿಸಲು ಇರಬಾರದೇಕೆ? ಆದರೂ ಹಕ್ಕಿ ಬರುವುದು ನಿಜ. ಕಡಲೆ ಹೊಲದಲ್ಲಿ ಚುರುಮುರಿ ಚೆಲ್ಲಿ, ಅಲ್ಲಲ್ಲಿ ಅಡ್ಡಕೋಲು ನೆಟ್ಟರೆ ಕಾಜಾಣ ಹಕ್ಕಿ ಕುಳಿತು ಹುಳು ಆರಿಸುವುದನ್ನು ನೋಡಿದ್ದೇನೆ. ಇಲಿಗಳನ್ನು ಬನ್ನಿಗಿಡದ ಗೂಗೆ ನೋಡಿಕೊಳ್ಳುತ್ತದೆ. ಅದಕ್ಕಾದರೂ ಪೊಟರೆಯಿರುವ ಹಳೆಯ ಗಿಡವನ್ನು ಉಳಿಸಬೇಕು.

ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸುವುದು ಪದ್ಧತಿ. ನಮ್ಮ ಮನೆಯಲ್ಲಿ ಅವುಗಳ ಹಿಂದೆ ಆರನೆಯದೊಂದನ್ನು ಇಡುತ್ತಾರೆ. ಅದು ಕಳ್ಳ. ಹೊಲ ಕಾಯುವವರು ಇದ್ದ ಮೇಲೆ ಕಳ್ಳನೂ ಇರಬೇಕಲ್ಲ. ಬೇರೆಯವರು ಪ್ರತಿ ವರ್ಷ ಹೊಸ ಕಲ್ಲು ಆರಿಸಿ ತಂದರೆ, ಅವ್ವನ ಕಾಲದಲ್ಲಿ ತಂದ ನಮ್ಮವು ಗಿಡದ ಬುಡದಲ್ಲೇ ಇದ್ದುಬಿಟ್ಟಿವೆ. ಪ್ರತಿ ವರ್ಷ ಸುಣ್ಣದ ಮೇಲೆ ಸುಣ್ಣ ಬಿದ್ದು ಬೆಣ್ಣೆಮುದ್ದೆಯಂತೆ ಉರುಟಾಗಿವೆ. ಆ ದಿನ ಹಳೆಯ ಸುಣ್ಣ ಸುಲಿದು ಜೋಲುತ್ತಿತ್ತೆಂದು ಅಕ್ಕ ತೆಂಗಿನ ನಾರು ಹಿಡಿದು ತಿಕ್ಕತೊಡಗಿದಳು. ಒಂದು ಕಲ್ಲಿನಿಂದ ಅಂಗೈಯಗಲದ ಚಕ್ಕೆ ಕಳಚಿ ಬಿತ್ತು. ಒಳಗೆ ಉಳಿಯಿಂದ ಹೊಡೆದ ನೇರ ಅಂಚು, ಅದರ ನೆತ್ತಿಯ ಮೇಲೆ ಗೀಟಿಗೆ ಅಡ್ಡಗೀಟು.

ಅದು ಕಳ್ಳನ ಕಲ್ಲು ಎಂದು ನನ್ನ ನೆನಪು. ಅಲ್ಲ, ಧರ್ಮರಾಯನದು ಎಂದು ಅಕ್ಕ ಇಂದಿಗೂ ವಾದಿಸುತ್ತಾಳೆ. ಕಳ್ಳನದಾದರೆ ಕಥೆ ಬಹಳ ಚೆನ್ನಾಗಿ ಕೂರುತ್ತದೆ, ಆದ್ದರಿಂದ ನನ್ನ ಮೇಲೆಯೇ ನನಗೆ ಅನುಮಾನ. ಓದುವವರು ಧರ್ಮರಾಯ ಎಂದೇ ಇಟ್ಟುಕೊಳ್ಳಲಿ.

ಅಕ್ಕನ ಕೈ ನಿಂತಿತು. ಆಚೆಯವರು ಎದ್ದು ಬಂದು ಬಗ್ಗಿದರು.

"ಇದು ಬಾಂದಗಲ್ಲ ಐತಿ," ಎಂದರು.

"ಕಾಣತೈತಿ."

"ನಿಮ್ಮ ದೇವರಾಗ ಹೆಂಗ ಬಂತರಿ ಇದು?"

"ಆಗ ಕಲ್ಲ ಆರಿಸಿ ತರತಿದ್ದವರು ನಿಮ್ಮ ಅಪ್ಪಾರ. ನಮ್ಮವ್ವ ಬರೇ ಸುಣ್ಣಾ ಹಚ್ಚಾಕಿ."

"ಸತ್ತವರ ಮ್ಯಾಲ ಹಾಕಿದ್ರ ಇಬ್ಬರಿಗೂ ಸಸಾರ ಬಿಡ್ರಿ," ಎಂದರು ಅವರು.

ಅವರ ಅಪ್ಪ ಕಲ್ಲು ಆರಿಸುತ್ತಿದ್ದುದು ನಿಜವೆಂದು ಅವರೂ ಒಪ್ಪಿದರು. ನಮ್ಮ ಅವ್ವನಿಗೆ ಚಂದದ ಕಲ್ಲೇ ಬೇಕಾಗುತ್ತಿತ್ತಂತೆ. ಎರಿಮಣ್ಣಿನ ಹೊಲದಲ್ಲಿ ಕಲ್ಲು ಸಿಗುವುದೇ ಕಷ್ಟ, ಅದರಲ್ಲೂ ನೆಟ್ಟಗೆ ನಿಲ್ಲುವ ಕಲ್ಲು. ಬೇಲಿಯ ಬುಡದಲ್ಲಿ ಒಂದು ಇತ್ತು. ಆ ಮುದುಕ ಮುದುಕಿಗೆ ಬೇಲಿಯ ಮೇಲೆ ಎಷ್ಟು ಭರವಸೆ ಇತ್ತೆಂದರೆ ಕಲ್ಲಿನಿಂದ ಬೇರೇನೂ ಉಪಯೋಗ ಕಂಡಿರಲಿಕ್ಕಿಲ್ಲ. ಇದೂ ನಾನು ಕೂಡಿಸಿದ್ದು. ಅವರಲ್ಲೊಬ್ಬರು ಬೇಕೆಂದೇ ಕಿತ್ತಿದ್ದರೂ ಇರಬಹುದು.

ಕಲ್ಲು ಸಿಕ್ಕಿತು, ಆದರೆ ಅದು ನಿಂತಿದ್ದ ಜಾಗ ಸಿಗಲಿಲ್ಲ. ಮೊದಲು ಎಲ್ಲಿತ್ತು ಎಂದರೆ ಅಕ್ಕ ಬೇಲಿಯ ಆಚೆ ಬೆರಳು ಮಾಡಿದಳು, ಅವರು ಬೇಲಿಯ ಈಚೆ ಬೆರಳು ಮಾಡಿದರು. ಇಬ್ಬರೂ ನನ್ನ ಮುಖ ನೋಡಿದರು. ನನ್ನ ಹತ್ತಿರ ಎರಡು ನೆನಪುಗಳಿದ್ದವು, ಒಬ್ಬೊಬ್ಬರಿಗೆ ಒಂದೊಂದು ಕೊಡುವಷ್ಟು. ನಾನು ಬುಟ್ಟಿಯ ಬಟ್ಟೆ ಸರಿಪಡಿಸಿದೆ.

ಅವರು ಕಲ್ಲಿಗೆ ಕೈ ಹಾಕಿದರು. ಎತ್ತಿ ಪಕ್ಕಕ್ಕಿಡಲೋ, ತೂಕ ನೋಡಲೋ, ಈಗಲೇ ನೆಟ್ಟುಬಿಡಲೋ, ಗೊತ್ತಿಲ್ಲ. ಅಷ್ಟರಲ್ಲಿ ಅಕ್ಕ ಸುಣ್ಣದ ತಟ್ಟೆಯಲ್ಲಿ ಕೈ ಅದ್ದಿ ಆ ಕಲ್ಲಿಗೆ ಬಡಿದಳು. ಉಳಿದವುಗಳಿಗೆ ಇನ್ನೂ ನೀರು ಬಿದ್ದಿರಲಿಲ್ಲ. ಸುಣ್ಣ ಹಸಿಯಿರುವಾಗಲೇ ಕುಂಕುಮ ಹಚ್ಚಿ, ಒಂದು ಸೇವಂತಿ ಹೂವನ್ನು ಅದರ ನೆತ್ತಿಯ ಮೇಲಿಟ್ಟು ಕೈ ಮುಗಿದಳು.

"ಪೂಜಿ ಆತು. ಇನ್ನ ಕದಲಸೂದಲ್ಲರಿ."

ಅವರ ಬೆರಳುಗಳಿಗೂ ಸುಣ್ಣ ಮೆತ್ತಿತ್ತು. ಅದನ್ನು ಧೋತರಕ್ಕೆ ಒರೆಸಿಕೊಳ್ಳುತ್ತ ಅವರು ಅಕ್ಕನನ್ನೇ ನೋಡಿದರು. ಸಿಟ್ಟು ಬಂದಿತ್ತು, ನಗುವೂ ಬರುತ್ತಿತ್ತು ಎಂದು ನನಗನಿಸಿತು. ದೇವರು ಕುಳಿತ ಗಿಡದ ಬುಡಕ್ಕೆ ಜೆಸಿಬಿ ಬರುವಂತಿಲ್ಲ. ಗಿಡ ಬೇಲಿಯ ನಟ್ಟನಡುವೆ ಇತ್ತು. ಗಿಡದ ಎರಡೂ ಕಡೆ ಬೇಲಿ ಕಿತ್ತು ನಡುವೆ ದೇವರನ್ನು ಬಿಡಲು ಡ್ರೈವರ್ ಒಪ್ಪುತ್ತಿರಲಿಲ್ಲ.

ಆಚೆಯವರ ಮನೆಯಾಕೆ ಶೇಂಗಾ ಹಿಂಡಿಯ ಡಬ್ಬಿ ತೆಗೆಯುತ್ತ ಗಂಡನಿಗೆ ಕೇಳಿಸುವಷ್ಟೇ ದನಿಯಲ್ಲಿ, "ಬೇಲಿ ತಗದ ಮ್ಯಾಲ ದಾರಿ ಹಿಡದ ಕುರಿ ಹಿಂಡ ಸೀದಾ ನಮ್ಮ ಕಡಲ್ಯಾಗ ಬಂದ್ರ, ಟೆಂಪೋ ಅಡ್ಡ ನಿಂದರಸತೀರೇನು?" ಎಂದರು. ಕುರಿಗಳ ದಾರಿ ಅಕ್ಕನ ಹೊಲದ ಮಗ್ಗುಲಲ್ಲೇ ಇತ್ತು. ಅವರು ಹೆಂಡತಿಗೆ ಉತ್ತರ ಕೊಡಲಿಲ್ಲ. ಅಕ್ಕನಿಗೆ ಕೊಟ್ಟರು.

"ಜೆಸಿಬಿ ಬ್ಯಾಡಂದ್ರ ಬ್ಯಾಡ. ಆದ್ರ ಒಂದ ಮಾತ. ಇನ್ನ ಮ್ಯಾಲ ನಿಮ್ಮ ಕಡೆ ನಾ ಸವರತೇನಿ. ನಮ್ಮ ಕಡೆ ನೀವು ಸವರ್ರಿ."

ಅಕ್ಕ ರೊಟ್ಟಿಯ ಬುಟ್ಟಿಯನ್ನು ಹತ್ತಿರ ಎಳೆದುಕೊಂಡಳು. ಮಾತಿನಲ್ಲಿ ಬಲೆ ಎಲ್ಲಿದೆ ಎಂದು ಹುಡುಕುತ್ತಿದ್ದಳು, ನಾನೂ ಹುಡುಕುತ್ತಿದ್ದೆ. ಅವರು ಅಕ್ಕನ ಕಡೆ ಬಿರುಸಾಗಿ ಕಡಿದರೆ ಬೇಲಿ ಅವರ ಹೊಲದೊಳಕ್ಕೇ ಚಿಗುರುತ್ತದೆ. ಕಡಿಯದೆ ಬಿಟ್ಟರೆ ಅಕ್ಕನ ಕಣ್ಣೆದುರೇ ಅದು ಅವಳ ಸಾಲಿಗೆ ಬರುತ್ತದೆ, ಅವಳು ಕೇಳುತ್ತಾಳೆ. ಅಕ್ಕನಿಗೂ ಆ ಕಡೆ ಅದೇ ಪೇಚು. ಇಷ್ಟು ವರ್ಷ ಕುಡಗೋಲು ತಿಕ್ಕುತ್ತಿದ್ದ ಅಕ್ಕನ ಗುಟ್ಟು ಅವರಿಗೆ ಯಾವಾಗ ಗೊತ್ತಾಗಿತ್ತೋ. ಬಲೆ ಸಿಗಲಿಲ್ಲ. ಆಗಲಿ ಎಂದಳು, ಇನ್ನೂ ಹುಡುಕುತ್ತಲೇ.

ಆ ಮೇಲೆ ಚರಗ ಚೆಲ್ಲಿದೆವು. ಬೇಲಿಯ ಹತ್ತಿರ ಬಂದಾಗ ಅಕ್ಕ ಎಲ್ಲಿ ಕಾಲಿಡುತ್ತಾಳೆ ಎಂದು ಅವರು ಊಟದ ತಾಟಿನಿಂದ ಕಣ್ಣೆತ್ತಿ ನೋಡಿದರು. ಅವಳು ಬೇಲಿಗೆ ಮೈ ತಾಗುವಷ್ಟು ಹತ್ತಿರ ನಡೆದಳು, ದಾಟಲಿಲ್ಲ.

ಈಗ ಪ್ರತಿ ವರ್ಷ ರಾಶಿ ಮುಗಿದ ಮೇಲೆ ಒಂದೇ ದಿನ ಸವರುತ್ತಾರೆ, ಒಬ್ಬರಿಲ್ಲದಾಗ ಇನ್ನೊಬ್ಬರು ಕೈ ಹಚ್ಚುವುದಿಲ್ಲ. ಆ ಕೆಲಸ ನೋಡಿ ನಾನು ಕಲಿತದ್ದನ್ನು ಹೇಳಬಹುದು. ಮಳೆಗಾಲದಲ್ಲಿ ಬೇಲಿ ಮುಟ್ಟಬಾರದು, ಆಗ ಹೆಣ್ಣುನವಿಲು ಅದರ ಬುಡದಲ್ಲಿ ಮೊಟ್ಟೆಯಿಡುತ್ತದೆ. ಬೇಸಿಗೆಯ ಮೊದಲ ಅಡ್ಡಮಳೆಗಿಂತ ಮುಂಚೆ ಎಲ್ಲ ಮುಗಿಸಬೇಕು. ಗಾಳಿಗೆ ಬೆನ್ನು ಮಾಡಿ ಕಳ್ಳಿ ಕಡಿಯಬೇಕು, ಹಾಲು ಕಣ್ಣಿಗೆ ಸಿಡಿದರೆ ದವಾಖಾನೆಯೇ ಗತಿ. ಮೇಲೆ ಎಷ್ಟು ಸವರಿದರೂ ಬುಡವನ್ನು ದಟ್ಟವಾಗಿ ಬಿಡಬೇಕು, ಮುಂಗುಸಿಗೂ ಕವಜುಗಕ್ಕೂ ಬೇಕಾಗುವುದು ಆ ಬುಡ. ಸಂದು ಬಿದ್ದ ಕಡೆ ಮುಂಗಾರಿನಲ್ಲಿ ಲಕ್ಕಿಯ ಟೊಂಗೆ ನೆಟ್ಟರೆ ಹತ್ತುತ್ತದೆ, ಆಡು ಅದಕ್ಕೆ ಬಾಯಿ ಹಾಕುವುದಿಲ್ಲ. ಬಳ್ಳಾರಿ ಜಾಲಿ ಸಣ್ಣದಿರುವಾಗಲೇ ಬೇರುಸಹಿತ ಕೀಳಬೇಕು, ದೊಡ್ಡದಾದರೆ ಅದು ಯಾರ ಮಾತೂ ಕೇಳುವುದಿಲ್ಲ. ಕಡಿದ ಕಸವನ್ನು ಬೇಲಿಯ ಹತ್ತಿರ ಸುಡಬಾರದು. ಮುಖ್ಯವಾಗಿ, ನಿಮ್ಮ ಬೇಲಿಯನ್ನು ನಿಮ್ಮ ಮೇಲೆ ಅನುಮಾನವಿರುವವರಿಂದ ಸವರಿಸಬೇಕು. ಅಷ್ಟು ಹುಷಾರಿಯಿಂದ ಬೇರೆ ಯಾರೂ ಸವರುವುದಿಲ್ಲ.

ಬೇಲಿ ಈಗ ನಡೆಯುತ್ತಿಲ್ಲ ಎಂದು ಅಕ್ಕ ಹೇಳುತ್ತಾಳೆ. ಹಂದಿ ಈಗಲೂ ಬರುತ್ತವೆ, ಕಾಲುವೆಯ ಕಡೆಯಿಂದಲೇ ಎಂದೂ ಹೇಳುತ್ತಾಳೆ. ಆಚೆಯವರು ಹಾಗೆ ಹೇಳಿದ್ದನ್ನು ನಾನು ಕೇಳಿಲ್ಲ.

ಹೋದ ಎಳ್ಳ ಅಮಾವಾಸ್ಯೆಗೆ ಹೋದಾಗ ಬನ್ನಿಗಿಡದ ಬುಡದಲ್ಲಿ ಆರೂ ಕಲ್ಲುಗಳಿದ್ದವು. ಹೊಸ ಸುಣ್ಣ ದಪ್ಪವಾಗಿ ಬಿದ್ದಿತ್ತು, ಎಲ್ಲವೂ ಒಂದೇ ಆಕಾರದವು. ಬಾಂದಗಲ್ಲು ಯಾವುದು ಎಂದು ತಿಳಿಯಲಿಲ್ಲ. ಅದು ಇನ್ನೂ ಇಲ್ಲೇ ಇದೆಯೋ, ಯಾರಾದರೂ ಅದೇ ಗಾತ್ರದ ಬೇರೆ ಕಲ್ಲಿಟ್ಟು ಅದನ್ನು ಒಯ್ದಿದ್ದಾರೋ? ಯಾರಾದರೂ ಎಂದರೆ ನನ್ನ ಮನಸ್ಸಿನಲ್ಲಿದ್ದದ್ದು ಆಚೆಯವರೊಬ್ಬರೇ ಅಲ್ಲ. ಕುಳಿತು, ಹಿಂದಿನ ಕಲ್ಲಿನ ನೆತ್ತಿಯ ಮೇಲೆ ಉಗುರು ಊರಿ ಸುಣ್ಣವನ್ನು ಸ್ವಲ್ಪ ಕೆರೆದೆ. ಪುಡಿ ಉದುರಿತು, ಗೀಟು ಕಾಣಲಿಲ್ಲ. ಇನ್ನಷ್ಟು ಕೆರೆಯುವಷ್ಟರಲ್ಲಿ ಬೇಲಿಯ ಆಚೆಯಿಂದ ಲಕ್ಕಿಯ ಎಲೆ ಸರಿದ ಸಪ್ಪಳವಾಯಿತು.

ಹಿಂದಿನಿಂದ ಅಕ್ಕ ಮೆಲ್ಲಗೆ ಅಂದಳು:

"ಕೆರೀಬ್ಯಾಡ ತಂಗೀ. ನೋಡಾಕತ್ತಾರ."